ಸಿಸಿಎನ್‌ಪಿ ಇದೆ, ಎಂ.ಟೆಕ್ ಇದೆ, ಸಂಬಳ ಎಷ್ಟು ಕೇಳಲಿ?

ಪ್ರಶ್ನೆ: ಹಳಿಯಾಳದ ದೇಶಪಾಂಡೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಿ.ಇ. ಮಾಡಿ, ಬೆಳಗಾವಿಯಲ್ಲಿ ಎಂ.ಟೆಕ್ ಮುಗಿಸಿದ್ದೇನೆ. ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆಗಳಾದ ಸಿಸಿಎನ್‌ಎ, ಸಿಸಿಎನ್‌ಪಿ ಎರಡೂ ಪಾಸು. ಅನುಭವ ಇಲ್ಲ. ಬೆಂಗಳೂರಿನ ಕಂಪನಿಯೊಂದು ವರ್ಷಕ್ಕೆ 3.6 ಲಕ್ಷ ಎನ್ನುತ್ತಿದೆ. ಇಷ್ಟು ಓದಿದ್ದಕ್ಕೆ ಎಂಟು ಲಕ್ಷವಾದರೂ ಬೇಡವೇ?
– ಓದುಗ, ಹಳಿಯಾಳ

ಉತ್ತರ: ಕೇಳುವುದರಲ್ಲಿ ತಪ್ಪಿಲ್ಲ, ಸಿಗುವುದು ಕಷ್ಟ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಪ್ಯಾಕೇಜ್ ವರ್ಷಗಳಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅನುಭವವಿಲ್ಲದ ಸಿಸಿಎನ್‌ಪಿಯನ್ನು ಸಂದರ್ಶನ ಮಾಡುವವರು ಅನುಮಾನದಿಂದಲೇ ನೋಡುತ್ತಾರೆ. ಪ್ರಶ್ನೆಪತ್ರಿಕೆಗಳ ‘ಡಂಪ್’ ಬಾಯಿಪಾಠ ಮಾಡಿ ಪಾಸಾದವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. ರೂಟರ್‌ಗಳು ದಾರಿ ಹುಡುಕಿಕೊಳ್ಳುವ ಓಎಸ್‌ಪಿಎಫ್ ವಿಧಾನದಲ್ಲಿ ಎರಡು ರೂಟರ್ ಒಂದನ್ನೊಂದು ನೆರೆಯೆಂದು ಗುರುತಿಸದೆ ನಿಂತಾಗ ಮೊದಲು ಏನು ನೋಡುತ್ತೀರಿ ಎಂಬ ಒಂದೇ ಪ್ರಶ್ನೆಗೆ ನಿಮ್ಮ ಬೆಲೆ ಗೊತ್ತಾಗುತ್ತದೆ.

ನನ್ನ ಅಂದಾಜು ಒರಟಾಗಿ ಹೀಗಿದೆ: ಹೊಸಬರಿಗೆ ಎರಡೂವರೆಯಿಂದ ನಾಲ್ಕು ಲಕ್ಷ, ನಾಲ್ಕೈದು ವರ್ಷ ದುಡಿದ ಸಿಸಿಎನ್‌ಪಿಗೆ ಆರರಿಂದ ಹನ್ನೆರಡು. ಅಂದರೆ ನಿಮ್ಮ ಸರ್ಟಿಫಿಕೇಟ್‌ನ ನಿಜವಾದ ಫಲ ಮೊದಲ ಸಂಬಳದಲ್ಲಲ್ಲ, ಎರಡನೆಯ ಕೆಲಸಕ್ಕೆ ಹಾರುವಾಗ ಕಾಣುತ್ತದೆ. ಎಂ.ಟೆಕ್ ಫಲ ಕೊಡುವ ಜಾಗವೇ ಬೇರೆ: ರೂಟರ್ ತಯಾರಿಸುವ ಕಂಪನಿಗಳ ಅಭಿವೃದ್ಧಿ ವಿಭಾಗ, ಸಂಶೋಧನೆ, ಕಾಲೇಜು ಮೇಷ್ಟ್ರ ಕೆಲಸ. ಅಲ್ಲಿಗೂ ಒಂದೆರಡು ಅರ್ಜಿ ಹಾಕಿ.

ಇನ್ನು ಆ 3.6 ಲಕ್ಷವನ್ನು ಬಿಡಿಸಿ ನೋಡೋಣ. ತಿಂಗಳಿಗೆ 30,000 ಆಯಿತು. ಮೂಲ ವೇತನ ಅದರ ಅರ್ಧ, 15,000 ಎನ್ನೋಣ. ಕಂಪನಿಯ ಪಾಲಿನ ಪಿಎಫ್ 1,800. ಗ್ರಾಚ್ಯುಟಿ ಎಂದು ಬರೆಯುವುದು ಸುಮಾರು 720. ಇವೆರಡೂ ಪ್ಯಾಕೇಜಿನ ಒಳಗೇ ಇರುತ್ತವೆ, ನಿಮ್ಮ ಕೈಗೆ ಬರುವುದಿಲ್ಲ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,800, ವೃತ್ತಿ ತೆರಿಗೆ 200. ಉಳಿಯುವುದು ಇಪ್ಪತ್ತೈದೂವರೆ ಸಾವಿರಕ್ಕೆ ತುಸು ಕಡಿಮೆ. ಹತ್ತನೇ ಒಂದು ಭಾಗವನ್ನು ‘ವೇರಿಯಬಲ್’ ಎಂದು ಇಟ್ಟರೆ ಇನ್ನೂ ಮೂರು ಸಾವಿರ ಕಳಚಿಕೊಳ್ಳುತ್ತದೆ. ಆದ್ದರಿಂದ ಎಂಟು ಲಕ್ಷಕ್ಕೆ ಹಟ ಹಿಡಿಯುವ ಬದಲು ನಾಲ್ಕು ಕೇಳಿ, ಪೂರ್ತಿ ಫಿಕ್ಸೆಡ್ ಆಗಿರಲಿ ಎನ್ನಿ. ರಾತ್ರಿ ಪಾಳಿಗೆ ಭತ್ಯೆ ಬೇರೆ ಇದೆಯೇ, ಬಾಂಡ್ ಇದೆಯೇ, ಪರೀಕ್ಷಾ ಶುಲ್ಕವನ್ನು ಕಂಪನಿ ಭರಿಸುತ್ತದೆಯೇ ಎಂಬುದನ್ನೂ ವಿಚಾರಿಸಿ. ಏಕೆಂದರೆ ಸಿಸ್ಕೊ ಸರ್ಟಿಫಿಕೇಟ್‌ಗೆ ಮೂರೇ ವರ್ಷ ಆಯುಸ್ಸು, ಆಮೇಲೆ ನವೀಕರಿಸಬೇಕು.

ಪ್ರಶ್ನೆ: ನಾನು ಕಾರ್ಖಾನೆ ನೌಕರ, ನಿವೃತ್ತಿಗೆ ಹತ್ತಿರವಿದ್ದೇನೆ. ಮಗ ಈಗಷ್ಟೇ ಬಿಸಿಎ ಮುಗಿಸಿದ್ದಾನೆ. ನೇರವಾಗಿ ಸಿಸಿಐಇ ಮಾಡಿಸಿದರೆ ತಿಂಗಳಿಗೆ ಲಕ್ಷ ರೂಪಾಯಿ ಸಂಬಳ ಗ್ಯಾರಂಟಿ ಎಂದು ತರಬೇತಿ ಕೇಂದ್ರವೊಂದು ಎರಡು ಲಕ್ಷ ಕೇಳುತ್ತಿದೆ. ಪಿಎಫ್ ಹಣ ತೆಗೆಯಲೇ?
– ತಂದೆ, ದಾಂಡೇಲಿ

ಉತ್ತರ: ತೆಗೆಯಬೇಡಿ. ಸಿಸಿಐಇ 1993ರಿಂದ ಇರುವ, ಇಂದಿಗೂ ಮರ್ಯಾದೆ ಉಳಿಸಿಕೊಂಡಿರುವ, ಸಿಸ್ಕೊದ ಮೇಲ್ಮಟ್ಟದ ಪರೀಕ್ಷೆ. ಲಿಖಿತ ಪರೀಕ್ಷೆ ದಾಟಿದ ಮೇಲೆ ಎಂಟು ಗಂಟೆಯ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಪಳಗಿದವರೂ ಮೊದಲ ಸಲ ಫೇಲಾಗುವುದು ಮಾಮೂಲು. ಬರೆಯಲು ಇಂಥದೇ ಡಿಗ್ರಿ ಬೇಕು, ಇಷ್ಟೇ ಅನುಭವ ಬೇಕು ಎಂಬ ಕಡ್ಡಾಯವಿಲ್ಲ. ಆ ಸಡಿಲವನ್ನೇ ಹಿಡಿದು ಇಂಥ ಕೇಂದ್ರಗಳು ವ್ಯಾಪಾರ ಮಾಡುತ್ತವೆ. ತಿಂಗಳಿಗೆ ಲಕ್ಷ, ಎರಡು ಲಕ್ಷ ಪಡೆಯುವ ಸಿಸಿಐಇಗಳು ಇಲ್ಲವೆಂದಲ್ಲ. ಅವರ ಬೆನ್ನಿಗೆ ಎಂಟು ಹತ್ತು ವರ್ಷದ ದುಡಿಮೆ ಇರುತ್ತದೆ. ಗ್ಯಾರಂಟಿಯನ್ನು ಕಾಗದದ ಮೇಲೆ ಬರೆದುಕೊಡಿ ಅನ್ನಿ, ಆಗ ಅವರ ಮುಖ ನೋಡಿ.

ಹುಡುಗ ಸಿಸ್ಕೊದವರ ‘ಪ್ಯಾಕೆಟ್ ಟ್ರೇಸರ್’ ಹಾಕಿಕೊಂಡು ಮನೆಯಲ್ಲೇ ಕಲಿಯಲಿ, ಅದಕ್ಕೆ ದುಡ್ಡಿಲ್ಲ. ಸಿಸಿಎನ್‌ಎ ಶುಲ್ಕ 300 ಡಾಲರ್, ತೆರಿಗೆ ಪ್ರತ್ಯೇಕ. ಅಷ್ಟನ್ನು ಹಾಕಿ. ಪಾಸಾದ ಮೇಲೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಹದಿನೈದು ಸಾವಿರದ ಕೆಲಸ ಸಿಕ್ಕರೂ ಕಳಿಸಿ: ಕೇಬಲ್ ಎಳೆಯಲಿ, ಸ್ವಿಚ್ ಕೂರಿಸಲಿ, ಬ್ಯಾಂಕ್ ಶಾಖೆಯ ಲಿಂಕ್ ಹೋದಾಗ ಬೈಸಿಕೊಳ್ಳಲಿ. ನಿಮ್ಮೂರಿನ ಕಾಗದ ಕಾರ್ಖಾನೆಯಂಥ ಕಡೆ ಯಂತ್ರಗಳನ್ನು ನಿಯಂತ್ರಿಸುವ ಜಾಲವೇ ಬೇರೆ ಇರುತ್ತದೆ. ಅದನ್ನೂ ಬಲ್ಲ ನೆಟ್‌ವರ್ಕ್ ಹುಡುಗರು ವಿರಳ. ಸಂಬಂಧಪಟ್ಟವರು ನಿಮಗೆ ಪರಿಚಯವಿದ್ದರೆ ಮಗನನ್ನು ಒಮ್ಮೆ ಕರೆದುಕೊಂಡು ಹೋಗಿ ಮಾತಾಡಿಸಿ.

ಪ್ರಶ್ನೆ: ಸರ್ಕಾರಿ ನೌಕರಿಯಲ್ಲಿ ಸಿಸಿಎನ್‌ಪಿಗೆ ಹೆಚ್ಚು ಸಂಬಳ ಇದೆಯೇ?
– ಓದುಗರು, ಮುಂಡಗೋಡ

ಉತ್ತರ: ಇಲ್ಲ. ಅಲ್ಲಿ ಡಿಗ್ರಿಯೇ ದೊಡ್ಡದು. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯಲ್ಲಿ ‘ಸೈಂಟಿಸ್ಟ್ ಬಿ’ ಹುದ್ದೆಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ 56,100, ಅದರ ಮೇಲೆ ತುಟ್ಟಿಭತ್ಯೆ. ಕೈಯಲ್ಲಿ ಎಷ್ಟು ಸರ್ಟಿಫಿಕೇಟ್ ಇದ್ದರೂ ಮೊತ್ತ ಅಷ್ಟೇ. ಬಿ.ಇ. ಇದ್ದರೆ ಗೇಟ್ ಪರೀಕ್ಷೆ ಬರೆಯಿರಿ. ಅದರ ಅಂಕದ ಮೇಲೆ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ವಿದ್ಯಾರ್ಥಿವೇತನವಾದರೂ ಬರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಿ ಆರು ವರ್ಷದ ಅನುಭವವಿದೆ. ಮನೆಯಿಂದಲೇ ಕೆಲಸ ಮಾಡಲು ಒಪ್ಪಿದರೆ ಊರಿಗೆ ಬಂದುಬಿಡುತ್ತೇನೆ. ಸಂಬಳ ಕಡಿಮೆ ಮಾಡುತ್ತಾರಾ?
– ಓದುಗ, ಜೋಯಿಡಾ

ಉತ್ತರ: ಕೆಲವರು ಮಾಡುತ್ತಾರೆ, ಕೆಲವರು ಮಾಡುವುದಿಲ್ಲ. ಬೆಂಗಳೂರಿನ ಬಾಡಿಗೆ ಉಳಿಯುವುದರಿಂದ ಶೇಕಡಾ ಹತ್ತು ಹದಿನೈದು ಕಡಿತವಾದರೂ ನಿಮಗೆ ನಷ್ಟವಿಲ್ಲ. ನನ್ನ ಅಳುಕು ಸಂಬಳದ್ದಲ್ಲ, ಮಳೆಗಾಲದ್ದು. ಕಾಡಿನ ನಡುವೆ ಮರ ಬಿದ್ದು ತಂತಿ ಹರಿದರೆ, ಬೇರೆಯವರ ನೆಟ್‌ವರ್ಕ್ ಸರಿಪಡಿಸಬೇಕಾದ ಎಂಜಿನಿಯರೇ ಆಫ್‌ಲೈನ್! ಬೆಂಗಳೂರು ಬಿಡುವ ಮೊದಲು ಜುಲೈ ತಿಂಗಳಲ್ಲಿ ಎರಡು ವಾರ ರಜೆ ಹಾಕದೆ ಊರಿನಿಂದಲೇ ಕೆಲಸ ಮಾಡಿ ನೋಡಿ. ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕ, ಇನ್ವರ್ಟರ್ ಇಟ್ಟುಕೊಳ್ಳಿ. ತಡೆದುಕೊಂಡಿತು ಅನ್ನಿಸಿದರೆ ಕಂಪನಿಯ ಒಪ್ಪಿಗೆಯನ್ನು ಇಮೇಲಿನಲ್ಲಿ ಪಡೆಯಿರಿ. ಆಫೀಸಿಗೆ ವಾಪಸು ಬನ್ನಿ ಎಂದು ಕರೆದರೆ ಎಷ್ಟು ದಿನದ ನೋಟಿಸ್ ಕೊಡುತ್ತಾರೆ ಎಂಬುದೂ ಅದರಲ್ಲಿರಲಿ.