ಕುಂಡದಲ್ಲಿ ಗೌರಿ ಹೂ: ಗಡ್ಡೆಯ ಕಣ್ಣು ಜೋಪಾನ

ಗೌರಿ ಹಬ್ಬ ಹತ್ತಿರವಾದಾಗ ಕೊಯಮತ್ತೂರಿನ ಕನ್ನಡದ ಮನೆಗಳಲ್ಲಿ ಒಂದೇ ದೂರು ಕೇಳುತ್ತದೆ: "ಗೌರಿ ಹೂವಿನ ಗಡ್ಡೆ ನೆಟ್ಟು ಎರಡು ತಿಂಗಳಾಯ್ತು, ಮೊಳಕೆಯ ಸುಳಿವೇ ಇಲ್ಲ." ಬೈಗುಳ ನರ್ಸರಿಯವರ ಪಾಲಿಗೆ. ಗಡ್ಡೆ ಮಾರಿದವರ ಪರ ವಾದಿಸಲು ನನಗೇನೂ ಕೊಟ್ಟಿಲ್ಲ, ಆದರೆ ಬಹುತೇಕ ಸಲ ತಪ್ಪು ನೆಟ್ಟ ಕೈಯದು.

ಅಗ್ನಿಶಿಖೆ, ಕೋಳಿಕುಟುಮ, ಲಾಂಗಲಿ ಎಲ್ಲವೂ ಇದೇ ಬಳ್ಳಿ. ತಮಿಳಿನಲ್ಲಿ ಸೆಂಗಾಂದಳ್, ತಮಿಳುನಾಡಿನ ರಾಜ್ಯಪುಷ್ಪ. ಹೊಲದ ಬೆಳೆಯಾದಾಗ ಮಾತ್ರ ಕಣ್ವಲಿ ಕಿಳಂಗು ಎನ್ನುತ್ತಾರೆ. ತಿರುಪ್ಪೂರು ಜಿಲ್ಲೆಯ ಧಾರಾಪುರಂ, ಮೂಲನೂರು ಕಡೆಯ ರೈತರು ಇದನ್ನು ಬೆಳೆಯುವುದು ಹೂವಿಗಲ್ಲ, ಬೀಜಕ್ಕೆ. ಬೀಜದಲ್ಲಿರುವ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿನ ಔಷಧಿಗೆ ಬೇಕು, ಸಸ್ಯತಳಿ ವಿಜ್ಞಾನಿಗಳಿಗೂ ಬೇಕು. ಅದೇ ಕಾಲ್ಚಿಸಿನ್ ವಿಷವೂ ಹೌದು. ಗಡ್ಡೆ, ಬೀಜ, ಎಲೆ, ಹೂ ಯಾವುದೂ ಇದಕ್ಕೆ ಹೊರತಲ್ಲ. ಗಡ್ಡೆಯನ್ನು ಗೆಣಸೆಂದು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ವಾಂತಿ, ಭೇದಿ ಶುರುವಾಗುವುದು ಕೆಲವು ಗಂಟೆಗಳ ನಂತರವಾದ್ದರಿಂದ ಮನೆಯವರು ಊಟದ ದೋಷವೆಂದುಕೊಂಡು ಕಾಲ ಕಳೆಯುತ್ತಾರೆ. ತಿಂದ ಅನುಮಾನ ಬಂದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ, ಗಿಡದ ತುಂಡೊಂದನ್ನು ಜೊತೆಗೊಯ್ಯಿರಿ. ತೆವಳುವ ಕೂಸು, ಕಂಡದ್ದನ್ನೆಲ್ಲ ಕಚ್ಚುವ ನಾಯಿಮರಿ ಇರುವ ಮನೆಯಲ್ಲಿ ಇದು ಬೇಡವೇ ಬೇಡ. ದಾಸವಾಳ ಬೆಳೆಸಿ.

ಬೇಕು ಎನ್ನುವವರು ಮುಂದೆ ಓದಿ.

ಬೀಜದಿಂದ ಬೆಳೆಸುವ ಆಸೆ ಬಿಡಿ. ಸಿಪ್ಪೆ ಗಟ್ಟಿ, ಮೊಳಕೆ ಅನಿಶ್ಚಿತ. ಹುಟ್ಟಿದರೂ ಹೂ ಬಿಡಲು ಮೂರ್ನಾಲ್ಕು ವರ್ಷ. ಗಡ್ಡೆಯನ್ನೇ ತನ್ನಿ, 50-60 ಗ್ರಾಂ ತೂಗುವಂಥದ್ದು. ಮಲೆನಾಡಿಗೆ ಹೋದಾಗ ಬೇಲಿಯಿಂದ ಕಿತ್ತು ತರುವ ಚಾಳಿಯೂ ಬೇಡ, ಕಾಡಿನಲ್ಲಿ ಅದು ಈಗಾಗಲೇ ಕಡಿಮೆಯಾಗುತ್ತಿದೆ.

ಇನ್ನು ಕಣ್ಣಿನ ಮಾತು. ಗಡ್ಡೆ ನೇಗಿಲಿನಂತೆ ಬಾಗಿರುತ್ತದೆ, ಸಾಮಾನ್ಯವಾಗಿ ಎರಡು ಕವಲು. ಆಲೂಗಡ್ಡೆಗೆ ಮೈತುಂಬ ಕಣ್ಣು, ಒಂದು ಹೋದರೆ ಇನ್ನೊಂದು ಚಿಗುರುತ್ತದೆ. ಇದಕ್ಕೆ ಹಾಗಿಲ್ಲ. ಒಂದು ಕವಲಿಗೆ ಒಂದೇ ಕಣ್ಣು, ಅದೂ ಕವಲಿನ ತುದಿಯಲ್ಲಿ. ಆ ತುದಿ ಚೀಲದಲ್ಲಿ ಉಜ್ಜಿ ಮುರಿದರೆ, ಉಗುರು ತಾಗಿ ಕಿತ್ತುಬಂದರೆ ಆ ಕವಲಿನ ಕಥೆ ಮುಗಿಯಿತು. ಉಳಿದ ಗಡ್ಡೆ ಎಷ್ಟೇ ದಪ್ಪಗಿದ್ದರೂ ಮಣ್ಣಿನಲ್ಲಿ ಸುಮ್ಮನೆ ಕೊಳೆಯುತ್ತದೆ. ನಮ್ಮವರು ಮಾಡುವುದೇನು? ತರಕಾರಿ ಚೀಲದಲ್ಲಿ ಈರುಳ್ಳಿಯ ಜೊತೆ ತುರುಕಿ ಬಸ್ಸಿನಲ್ಲಿ ತರುತ್ತಾರೆ (ಈರುಳ್ಳಿಯ ಜೊತೆ ವಿಷದ ಗಡ್ಡೆ!). ಮನೆಗೆ ಬಂದ ಮೇಲೆ ನಲ್ಲಿಯಡಿ ಹಿಡಿದು ಬ್ರಷ್‌ನಿಂದ ಉಜ್ಜುತ್ತಾರೆ. ಚಿಕ್ಕ ಕುಂಡಕ್ಕೆ ಹಿಡಿಸಲೆಂದು ತುದಿಯನ್ನೇ ಚಿವುಟಿದವರನ್ನೂ ಕಂಡಿದ್ದೇನೆ. ನೆಟ್ಟು ಹದಿನೈದು ದಿನಕ್ಕೆ ಸಹನೆ ಕಳೆದುಕೊಂಡು ಬೆರಳು ತೂರಿಸಿ ಕೆದಕಿ ನೋಡುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಆಗಷ್ಟೇ ಎದ್ದ ಮೊಳಕೆ ಬೆರಳಿಗೆ ತಾಗಿಯೇ ಮುರಿಯುತ್ತದೆ. ಕೊಳ್ಳುವಾಗಲೇ ಎರಡೂ ತುದಿ ನೋಡಿ. ಕಾಗದದಲ್ಲಿ ಒಂದೊಂದಾಗಿ ಸುತ್ತಿ ತನ್ನಿ. ಮಣ್ಣು ಅಂಟಿದ್ದರೆ ಇರಲಿ.

ನೆಡುವ ಕಾಲದಲ್ಲೂ ಎಡವುತ್ತಾರೆ. ಮಲೆನಾಡಿನಲ್ಲಿ ಮುಂಗಾರಿಗೆ ಚಿಗುರಿ ಭಾದ್ರಪದಕ್ಕೆ ಹೂ ಬಿಡುತ್ತದೆಂದು ಇಲ್ಲೂ ಜೂನ್‌ನಲ್ಲೇ ನೆಡುತ್ತಾರೆ. ಹೊಲದಲ್ಲಿ ರೈತರು ಆಗ ಶುರುಮಾಡುವುದುಂಟು, ಅವರಿಗೆ ಬೇಲಿಯ ಮರೆ ಇರುತ್ತದೆ. ಮಹಡಿಯ ಮೇಲಿನ ಕುಂಡಕ್ಕೆ ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಆಡಿ ಮಾಸದ ಗಾಳಿಯೇ ಶತ್ರು. ಎಳೆ ಕುಡಿ ಒಂದೇ ರಾತ್ರಿಗೆ ಮುರಿಯುತ್ತದೆ. ಗಾಳಿ ತಗ್ಗಿದ ಮೇಲೆ, ಆವಣಿ ಮಾಸದಲ್ಲಿ, ಅಂದರೆ ಆಗಸ್ಟ್ ನಡುವಿನ ನಂತರ ನೆಡಿ. ಹೂ ಗೌರಿ ಹಬ್ಬಕ್ಕಲ್ಲ, ಕಾರ್ತಿಗೈ ದೀಪದ ಆಸುಪಾಸಿಗೆ ಸಿಗುತ್ತದೆ. ಹಬ್ಬಕ್ಕೇ ಬೇಕೆಂದು ಹಟ ಹಿಡಿಯುವವರು ಗೋಡೆ ಮರೆ ಹುಡುಕಿಕೊಳ್ಳಲಿ.

ಅಡಿ ಅಗಲ, ಅಡಿ ಆಳಕ್ಕೆ ಕಡಿಮೆಯಿಲ್ಲದ ಕುಂಡ ಇರಲಿ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ. ನೀರು ನಿಲ್ಲುವ ಕಪ್ಪು ಮಣ್ಣೊಂದೇ ಹಾಕಬೇಡಿ. ಕೈಗವಸು ತೊಟ್ಟು, ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಂ ಬೆರೆಸಿ ಗಡ್ಡೆಯನ್ನು ಅರ್ಧ ಗಂಟೆ ಅದ್ದಿಡಿ, ಕೊಳೆರೋಗ ತಪ್ಪುತ್ತದೆ. 6-7 ಸೆಂಟಿಮೀಟರ್ ಆಳದಲ್ಲಿ ಅಡ್ಡವಾಗಿ ಮಲಗಿಸಿ ಮಣ್ಣನ್ನು ಸಡಿಲವಾಗಿ ಮುಚ್ಚಿ, ಒತ್ತಬೇಡಿ. ಒಮ್ಮೆ ನೀರು ಕೊಟ್ಟ ಮೇಲೆ ಮೊಳಕೆ ಕಾಣುವವರೆಗೆ ಮೇಲ್ಮಣ್ಣು ಒಣಗಿದಾಗ ಮಾತ್ರ ತುಸು ಚಿಮುಕಿಸಿ. ಮೊಳಕೆಗೆ ಮೂರ್ನಾಲ್ಕು ವಾರ ಬೇಕು.

ಆಸರೆ ಮೊದಲೇ ನೆಟ್ಟಿರಬೇಕು. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುವುದರಿಂದ ದಪ್ಪ ಬಿದಿರು ಅದರ ಹಿಡಿತಕ್ಕೆ ಬಾರದು. ತೆಳು ತಂತಿ, ಕಡ್ಡಿ, ಬಲೆ ಸಾಕು. ಮೂಲನೂರಿನ ಕಡೆ ಹೊಲಗಳಲ್ಲಿ ತಂತಿಯನ್ನೂ ಮುಳ್ಳು ಕಿಳುವೈ ರೆಂಬೆಗಳನ್ನೂ ಬಳಸುತ್ತಾರೆ. ಕಿಳುವೈ ಈ ಕೊಂಗು ಸೀಮೆಯ ಹುಲ್ಲುಗಾವಲಿನ ಬೇಲಿಗಿಡ, ಬೆಂಗಳೂರಿನವರು ಹುಡುಕಲು ಹೊರಡಬೇಡಿ. ಬಳ್ಳಿಯನ್ನು ದಾರದಿಂದ ಬಿಗಿಯುವುದೂ ಬೇಡ, ಕುಡಿ ಮುರಿದರೆ ಆ ವರ್ಷದ ಹೂವಿಗೆ ಕುತ್ತು. ಕೆಂಪು, ಬಿಳಿ ಚುಕ್ಕೆಯ ಕಪ್ಪು ಕಂಬಳಿಹುಳು ಎಲೆ ಮೇಯುತ್ತಿದ್ದರೆ ಚಿಮಟದಿಂದ ಆಯ್ದು ಸೋಪಿನ ನೀರಿಗೆ ಹಾಕಿ. ಕುಂಡಕ್ಕೆ ಬೇರೆ ಕೀಟನಾಶಕದ ಅಗತ್ಯವಿಲ್ಲ.

ಹೂ ಹಸಿರು-ಹಳದಿಯಾಗಿ ಅರಳಿ ದಿನಕಳೆದಂತೆ ಕೆಂಪಾಗುತ್ತದೆ. ಕಾಯಿ ಬೇಡವಾದರೆ ಇಷ್ಟಕ್ಕೆ ನಿಲ್ಲಿಸಿ, ಮನೆಗೆ ಅದೇ ಕ್ಷೇಮ. ಕಾಯಿ ಕಟ್ಟಿಸುವ ಹಂಬಲವಿದ್ದರೆ ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಈ ಹೂವಿನಲ್ಲಿ ಶಲಾಕೆ ಕೇಸರಗಳಿಂದ ದೂರಕ್ಕೆ ಅಡ್ಡವಾಗಿ ಬಾಗಿರುವುದರಿಂದ ಪರಾಗ ತಾನಾಗಿ ತಾಗುವುದು ಕಷ್ಟ. ಬೆಳಿಗ್ಗೆ 8ರಿಂದ 11ರೊಳಗೆ ಮೃದುವಾದ ಬ್ರಷ್‌ನಲ್ಲಿ ಒಂದು ಹೂವಿನ ಪರಾಗ ತೆಗೆದು ಇನ್ನೊಂದರ ಶಲಾಕಾಗ್ರಕ್ಕೆ ಸವರಿ. ಧಾರಾಪುರಂನ ಹೊಲಗಳಲ್ಲಿ ಕೂಲಿಯವರು ಬೆಳಗಿನ ಹೊತ್ತು ಇದನ್ನೇ ಸಾಲುಸಾಲಾಗಿ ಮಾಡುತ್ತಾರೆ. ಇಷ್ಟೆಲ್ಲ ಮಾಡಿ ಹೆಕ್ಟೇರಿಗೆ ಸಿಗುವುದು 200ರಿಂದ 250 ಕೆ.ಜಿ. ಬೀಜ. ಎರಡು ಕುಂಡದಿಂದ ಹಣ ಮಾಡುವ ಲೆಕ್ಕ ಹಾಕುವವರು ಇದನ್ನು ಗಮನಿಸಲಿ.

ನೆಟ್ಟ 160-180 ದಿನಕ್ಕೆ ಕಾಯಿಯ ಸಿಪ್ಪೆ ಸುಕ್ಕಾಗುತ್ತದೆ. ಬಿರಿಯುವ ಮುನ್ನ ಕೊಯ್ದು, ಮಕ್ಕಳ ಕೈಗೆಟುಕದ ನೆರಳಿನಲ್ಲಿ ವಾರ-ಹತ್ತು ದಿನ ಒಣಗಿಸಿ. ಮನೆಮದ್ದಿಗೆಂದು ಅರೆಯಬೇಡಿ. ಔಷಧ ನಿಯಮಗಳಲ್ಲಿ ವಿಷದ್ರವ್ಯಗಳನ್ನು ಹೆಸರಿಸುವ ಇ(1) ಪಟ್ಟಿಯಲ್ಲಿ ಲಾಂಗಲಿ ಇರುವುದು ಭಂಗಿ, ದತ್ತೂರಿ, ವತ್ಸನಾಭಿಗಳ ಸಾಲಿನಲ್ಲಿ.

ಆಮೇಲೆ ಬಳ್ಳಿ ಪೂರ್ತಿ ಒಣಗುತ್ತದೆ. ಸತ್ತಿತೆಂದು ಕುಂಡ ಮಗುಚಬೇಡಿ, ಗಡ್ಡೆ ಮಲಗಿದೆ. ನೀರು ನಿಲ್ಲಿಸಿ, ಮಳೆ ಬೀಳದ ಮೂಲೆಗೆ ಸರಿಸಿ, "ವಿಷದ ಗಡ್ಡೆ, ಕೆದಕಬೇಡಿ" ಎಂದು ಬರೆದು ಕಟ್ಟಿ. ತಮಿಳಿನಲ್ಲೂ ಬರೆಯಿರಿ, ಮನೆಗೆಲಸಕ್ಕೆ ಬರುವವರು ಕನ್ನಡ ಓದುವುದಿಲ್ಲ.