ಸೌರವಿದ್ಯುತ್ತಿನಲ್ಲಿ ಇಂಜಿನಿಯರಿಗೆ ಕೆಲಸವುಂಟೇ?

ಮಗನನ್ನು ‘ಸೋಲಾರ್ ಇಂಜಿನಿಯರಿಂಗ್’ ಓದಿಸಲು ತೋಟ ಅಡವಿಡಬಹುದೇ ಎಂದು ಸದಸ್ಯರೊಬ್ಬರು ನಮ್ಮನ್ನು ಕೇಳಿದರು. ಕೆಲಸವೇನೋ ಉಂಟು, ಎಂಥದು, ಎಷ್ಟು ಕಾಲದ್ದು ಎಂಬುದನ್ನು ಮೊದಲು ನೋಡಬೇಕು. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸ್ಥಾವರ 2019ರಲ್ಲಿ ಪೂರ್ಣಗೊಂಡಿತು. ಇಂಥದನ್ನು ಕಟ್ಟುವಾಗ ಇಂಜಿನಿಯರುಗಳು ಬಹುಮಂದಿ ಬೇಕು. ಕಟ್ಟಿದ ಮೇಲೆ? ಫಲಕದಲ್ಲಿ ತಿರುಗುವ ಭಾಗವೇ ಇಲ್ಲ. ಧೂಳು ತೊಳೆಯುವ, ಹುಲ್ಲು ಸವರುವ ಕೆಲಸವೇ ಹೆಚ್ಚು. ಇಂಜಿನಿಯರಿಗೆ ಉಳಿಯುವುದು ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಗ್ರಿಡ್ಡಿನ ಉಸ್ತುವಾರಿ. ಇದಕ್ಕೆ ಸಾಮಾನ್ಯ ಎಲೆಕ್ಟ್ರಿಕಲ್ ಪದವಿಯೇ ಸಾಕು. ಚಿತ್ರದುರ್ಗದ ಗಾಳಿಯಂತ್ರಗಳಿಗಾದರೆ ಮೆಕ್ಯಾನಿಕಲ್ ಕಲಿತವರೂ ಬೇಕು. ಹೆಸರಿಗೆ ಮರುಳಾಗಿ ದುಬಾರಿ ಶುಲ್ಕ ಕಟ್ಟಬೇಡಿ, ಎಲೆಕ್ಟ್ರಿಕಲ್ ಕಲಿತವನಿಗೆ ಸೋಲಾರ್ ಕೈತಪ್ಪಿದರೂ ಬೇರೆ ಕಡೆ ಬಾಗಿಲು ತೆರೆದಿರುತ್ತದೆ ಎಂದೆವು. ಹುಡುಗ ಸಿ.ಇ.ಟಿ. ಬರೆಯಲಿದ್ದಾನೆ, ತೋಟದ ಪತ್ರ ಇನ್ನೂ ಅವರ ಪೆಟ್ಟಿಗೆಯಲ್ಲೇ ಇದೆ.