ಚರ್ಚೆ, ಪಾಠ, ಪಾಠಾಂತರ: ಜಾಲ ಸಮುದಾಯಗಳ ಸ್ವಾಸ್ಥ್ಯದಲ್ಲಿ ವಿಕಿಯ ಪಾತ್ರ

ಅಂತರ್ಜಾಲದಲ್ಲಿ ನಡೆಯುವ ಚರ್ಚೆ ಬರೆಹದ ರೂಪದಲ್ಲಿದ್ದರೂ ಅದರ ನಡೆ ಮೌಖಿಕ ಸಂಪ್ರದಾಯಕ್ಕೆ ಹತ್ತಿರವಾದುದು. ಅಕ್ಷರಕ್ಕಿಳಿದ ಮಾತು ಉಳಿಯುತ್ತದೆ ಎಂಬ ನಮ್ಮ ಗ್ರಹಿಕೆ ಇಲ್ಲಿ ಪೂರ್ಣವಾಗಿ ಅನ್ವಯಿಸುವುದಿಲ್ಲ. ನೂರಾರು ಜನ ಒಂದೆಡೆ ಬರೆಯುವಾಗ ನಿನ್ನೆಯ ಮಾತು ಇಂದಿನ ಮಾತುಗಳ ಅಡಿಯಲ್ಲಿ ಹೂತುಹೋಗುತ್ತದೆ. ಅದು ಅಳಿದಿರುವುದಿಲ್ಲ, ಆದರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಕನ್ನಡ ಸಂಶೋಧನ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿರುವವರಿಗೆ ಇದು ಹೊಸ ಸಂಗತಿಯಲ್ಲ. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಪ್ರಬಂಧವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಹೇಗೆ, ಪರಿವರ್ತನೆಯಲ್ಲಿ ಕೆಟ್ಟ ಅರ್ಕಾವತ್ತನ್ನು ಸರಿಪಡಿಸುವುದು ಹೇಗೆ ಎಂಬ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ವಿವರವಾದ ಉತ್ತರ, ಮೂರನೆಯ ಸಲ ಎರಡು ಸಾಲು, ಐದನೆಯ ಸಲ 'ಮೇಲೆ ಹುಡುಕಿ ನೋಡಿ' ಎಂಬ ಗದರಿಕೆ. ಅನಂತರ ಮೌನ.

ಚರ್ಚಾ ಸಮುದಾಯಗಳು ಹದಗೆಡುವುದು ದುರುದ್ದೇಶದ ಸದಸ್ಯರಿಂದ ಎಂಬ ಅಭಿಪ್ರಾಯ ಪ್ರಚಲಿತವಾಗಿದೆ. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆಯಾಸವೂ ಅಷ್ಟೇ ಪ್ರಬಲವಾದ ಕಾರಣ. ಬಲ್ಲವರು ಹೇಳಿದ್ದನ್ನೇ ಹೇಳಿ ದಣಿಯುತ್ತಾರೆ. ಹೊಸಬರು ಕೇಳಿದ್ದಕ್ಕೇ ಅವಮಾನಿತರಾಗುತ್ತಾರೆ. ತೀರ್ಮಾನವಾಗಿದ್ದ ಜಗಳ ಆರು ತಿಂಗಳಲ್ಲಿ ಮೊದಲಿನಿಂದ ಆರಂಭವಾಗುತ್ತದೆ. ಎಲ್ಲರೂ ಸೇರಿ ಬರೆದು ತಿದ್ದುವ ವಿಕಿ ಎಂಬ ವ್ಯವಸ್ಥೆ ಈ ರೋಗಕ್ಕೆ ಯಾವ ಬಗೆಯ ಮದ್ದಾಗಿದೆ, ಯಾವ ಸಂದರ್ಭಗಳಲ್ಲಿ ಆ ಮದ್ದು ಕೆಲಸ ಮಾಡಿಲ್ಲ ಎಂಬುದನ್ನು ಗ್ರಂಥಸಂಪಾದನೆಯ ಪರಿಭಾಷೆಯ ನೆರವಿನಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸಮಸ್ಯೆ ವಿಕಿಗಿಂತ ಹಳೆಯದು. 1979-80ರ ಸುಮಾರಿಗೆ ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ ರೂಪುಗೊಂಡ ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ವಿದ್ಯಾರ್ಥಿಗಳು ಬಂದು ಸೇರುತ್ತಿದ್ದರು. ಕೆಲವು ವಾರ ಗದ್ದಲವೆದ್ದು, ಹೊಸಬರು ಅಲ್ಲಿನ ರೀತಿನೀತಿಗಳನ್ನು ಕಲಿತಂತೆ ಎಲ್ಲವೂ ಸ್ತಿಮಿತಕ್ಕೆ ಬರುತ್ತಿತ್ತು. 1993ರಿಂದೀಚೆಗೆ ವಾಣಿಜ್ಯ ಸಂಸ್ಥೆಗಳ ಮೂಲಕ ಸಾರ್ವಜನಿಕರಿಗೂ ಪ್ರವೇಶ ದೊರೆತಾಗ ಹೊಸಬರ ಹರಿವು ನಿಲ್ಲಲೇ ಇಲ್ಲ. ಹಳಬರು ಅದನ್ನು ಮುಗಿಯದ ಸೆಪ್ಟೆಂಬರ್ ಎಂದು ಕರೆದರು. ಹೊಸಬರು ಬಂದದ್ದು ಇಲ್ಲಿನ ದೋಷವಲ್ಲ, ಕಲಿಸುವ ಕೆಲಸವೆಲ್ಲ ಬಾಯಿಮಾತನ್ನೇ ಅವಲಂಬಿಸಿದ್ದುದು ದೋಷ. ಪದೇ ಪದೇ ಕೇಳಲಾಗುವ ಪ್ರಶ್ನೆಗಳ ಪಟ್ಟಿಯನ್ನು ಸಿದ್ಧಪಡಿಸಿ ನಿಯತವಾಗಿ ಪ್ರಕಟಿಸುವ ಪದ್ಧತಿ ಯೂಸ್‌ನೆಟ್‌ನಲ್ಲಿ ಆ ವೇಳೆಗಾಗಲೇ ಬೆಳೆದಿತ್ತು. ಅದು ಉಪಯುಕ್ತವಾದ ಪದ್ಧತಿಯೇ. ಆದರೆ ಅಂಥ ಪಟ್ಟಿಗೆ ಸಾಮಾನ್ಯವಾಗಿ ಒಬ್ಬ ಪಾಲಕನಿರುತ್ತಿದ್ದ. ಅವನ ಉತ್ಸಾಹ ಕುಂದಿದರೆ ಪಟ್ಟಿ ಹಳತಾಗುತ್ತಿತ್ತು. ಅವನ ಅಭಿಪ್ರಾಯವನ್ನು ಒಪ್ಪದವರಿಗೆ ಅದನ್ನು ತಿದ್ದುವ ದಾರಿ ಇರಲಿಲ್ಲ.

1995ರ ಮಾರ್ಚ್ 25ರಂದು ವಾರ್ಡ್ ಕನ್ನಿಂಗ್‌ಹ್ಯಾಮ್ ತೆರೆದ 'ವಿಕಿವಿಕಿವೆಬ್' ಈ ಪಾಲಕನ ಸ್ಥಾನವನ್ನು ಓದುಗರೆಲ್ಲರಿಗೂ ಬಿಟ್ಟುಕೊಟ್ಟಿತು. ವಿಕಿ ಎಂದರೆ ಹವಾಯಿ ಭಾಷೆಯಲ್ಲಿ ಬೇಗ ಎಂದರ್ಥ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಿಂದ ಈ ಪದವನ್ನು ಆಯ್ದುಕೊಳ್ಳಲಾಯಿತು. ತಂತ್ರಾಂಶ ರಚನೆಯ ಮಾದರಿಗಳನ್ನು ಕುರಿತು ಚರ್ಚಿಸಲು ಹುಟ್ಟಿದ ಈ ತಾಣದಲ್ಲಿ ಯಾರು ಬೇಕಾದರೂ ಯಾವ ಪುಟವನ್ನಾದರೂ ತಿದ್ದಬಹುದಿತ್ತು. ಕ್ರಮೇಣ ಅಲ್ಲಿನ ಸದಸ್ಯರು ತಮ್ಮ ಬರೆಹದಲ್ಲಿ ಎರಡು ವಿಧಾನಗಳನ್ನು ಗುರುತಿಸಿಕೊಂಡರು. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರಿಸುತ್ತ, ಹೆಸರು ಹಾಕುತ್ತ ಸಾಗುವುದು ಒಂದು. ಇದನ್ನು ಸಂವಾದ ವಿಧಾನ ಎನ್ನಬಹುದು. ಆ ಸಂವಾದ ಒಂದು ಹಂತಕ್ಕೆ ಬಂದಾಗ ಯಾರಾದರೊಬ್ಬರು ಹೆಸರುಗಳನ್ನೂ ಪುನರುಕ್ತಿಯನ್ನೂ ತೆಗೆದು, ಒಪ್ಪಿತವಾದುದನ್ನು ಸಮುದಾಯದ ದನಿಯಲ್ಲಿ ಮರುರಚಿಸುವುದು ಇನ್ನೊಂದು. ಇದು ಪಾಠ ವಿಧಾನ. ವಿಕಿಯ ಮಹತ್ವ ಇರುವುದು ಈ ಎರಡೂ ಒಂದೇ ಪುಟದಲ್ಲಿ ಸಾಧ್ಯವಾದದ್ದರಲ್ಲಿ. ಮಾತು ಮಾತಾಗಿಯೇ ಉಳಿಯದೆ ಪಾಠವಾಗಿ ಪರಿಣಮಿಸುವ ಅವಕಾಶವನ್ನು ಅದು ಒದಗಿಸಿತು.

ಯಾರು ಬೇಕಾದರೂ ತಿದ್ದಬಹುದಾದ ಪುಟ ಹಾಳಾಗದೆ ಉಳಿದದ್ದು ಹೇಗೆ? ಆ ತಾಣದ ಪರಂಪರೆಯಿಂದಲೇ ಬಂದ ಸುನೀರ್ ಶಾ 2000ದಲ್ಲಿ ಆರಂಭಿಸಿದ 'ಮೀಟ್‌ಬಾಲ್ ವಿಕಿ' ಜಾಲ ಸಮುದಾಯಗಳ ವರ್ತನೆಯನ್ನೇ ತನ್ನ ವಸ್ತುವಾಗಿಸಿಕೊಂಡಿತ್ತು. ಅಲ್ಲಿ ಬೆಳೆದ ಪರಿಕಲ್ಪನೆಗಳಲ್ಲಿ 'ಮೃದು ರಕ್ಷಣೆ' ಎಂದು ಅನುವಾದಿಸಬಹುದಾದುದು ಗಮನಾರ್ಹ. ಬಾಗಿಲಿಗೆ ಬೀಗ ಜಡಿಯುವ ಬದಲು, ಆದ ಹಾನಿಯನ್ನು ಮಾಡಿದ್ದಕ್ಕಿಂತ ಸುಲಭವಾಗಿ ಸರಿಪಡಿಸುವಂತಿದ್ದರೆ ಸಾಕು ಎಂಬುದು ಅದರ ತಿರುಳು. ಇತ್ತೀಚಿನ ಬದಲಾವಣೆಗಳ ಪಟ್ಟಿಯನ್ನು ಎಲ್ಲರೂ ನೋಡುತ್ತಿರುತ್ತಾರೆ. ಹಿಂದಿನ ಆವೃತ್ತಿ ಒಂದು ಕ್ಲಿಕ್ಕಿಗೆ ಮರಳುತ್ತದೆ. ಆದ್ದರಿಂದ ಕೆಡಿಸುವವನ ಶ್ರಮ ವ್ಯರ್ಥವಾಗುತ್ತದೆ. ಊರ ಬಾವಿಯನ್ನು ಊರವರ ಕಣ್ಣೇ ಕಾಯುವ ಕ್ರಮವಿದು.

ಪಾಠವಾಗಿ ಪರಿಣಮಿಸಿದ ಚರ್ಚೆ ಸಮುದಾಯವನ್ನು ಹೇಗೆ ಉಳಿಸುತ್ತದೆ ಎಂಬುದಕ್ಕೆ ಇಂಗ್ಲಿಷ್ ವಿಕಿಪೀಡಿಯದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಬಹುದು. ಬಾಲ್ಟಿಕ್ ಸಮುದ್ರತೀರದ ಒಂದು ನಗರ ಪೋಲಿಷ್ ಭಾಷೆಯಲ್ಲಿ ಗ್ದಾನ್ಸ್ಕ್, ಜರ್ಮನ್ ಭಾಷೆಯಲ್ಲಿ ಡಾಂಜಿಗ್. 1308ರಲ್ಲಿ ಟ್ಯೂಟಾನಿಕ್ ಪಂಥದ ಯೋಧರ ವಶವಾದ ಈ ನಗರ ಹಲವು ಆಳ್ವಿಕೆಗಳನ್ನು ಕಂಡು, ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಪೋಲೆಂಡಿಗೆ ಸೇರಿತು. ಹೆಸರನ್ನು ಯಾವ ರೂಪದಲ್ಲಿ ಬರೆಯಬೇಕೆಂಬ ಪ್ರಶ್ನೆಯ ಹಿಂದೆ ಎರಡು ಜನಾಂಗಗಳ ಗಾಯಗಳಿದ್ದವು. ಒಬ್ಬರು ಬರೆದುದನ್ನು ಇನ್ನೊಬ್ಬರು ಅಳಿಸುವ ಸಂಪಾದನಾ ಸಮರ ಲೇಖನದಿಂದ ಲೇಖನಕ್ಕೆ ಹರಡಿತು. 2005ರ ಫೆಬ್ರವರಿ-ಮಾರ್ಚ್‌ನಲ್ಲಿ ನಡೆದ ಮತದಾನದ ಮೂಲಕ ಕಾಲವನ್ನು ಆಧರಿಸಿದ ಒಂದು ಸೂತ್ರವನ್ನು ರೂಪಿಸಲಾಯಿತು: 1308ಕ್ಕೆ ಮುಂಚಿನ ಮತ್ತು 1945ರ ಅನಂತರದ ಸಂದರ್ಭಗಳಲ್ಲಿ ಗ್ದಾನ್ಸ್ಕ್, ನಡುವಿನ ಕಾಲಕ್ಕೆ ಡಾಂಜಿಗ್. ವ್ಯಕ್ತಿಚರಿತ್ರೆಗಳಲ್ಲಿ ಆ ವ್ಯಕ್ತಿ ಸ್ಪಷ್ಟವಾಗಿ ಜರ್ಮನ್ ಅಥವಾ ಪೋಲಿಷ್ ಆಗಿದ್ದರೆ ಆಯಾ ರೂಪವನ್ನು ಮೊದಲು ಬರೆದು ಇನ್ನೊಂದನ್ನು ಆವರಣದಲ್ಲಿ ಕೊಡಬೇಕೆಂಬ ನಿಯಮವೂ ಸೇರಿತು.

ಈ ಸೂತ್ರ ಎಲ್ಲರಿಗೂ ತೃಪ್ತಿ ನೀಡಿತೆಂದು ಹೇಳಲಾಗದು. ಮತದಾನದಿಂದ ಇತಿಹಾಸವನ್ನು ನಿರ್ಣಯಿಸಬಹುದೇ ಎಂಬ ಪ್ರಶ್ನೆಯೂ ನ್ಯಾಯವಾದುದೇ. ಆದರೆ ಆ ಬಳಿಕ ಬಂದ ಹೊಸಬನಿಗೆ ಉತ್ತರವಾಗಿ ಯಾರೂ ಬೈಗುಳ ಬರೆಯಬೇಕಾಗಲಿಲ್ಲ. ಒಂದು ಪುಟವನ್ನು ತೋರಿಸಿದರೆ ಸಾಕಾಗಿತ್ತು. ಅಲ್ಲಿ ತೀರ್ಮಾನವಿತ್ತು, ತೀರ್ಮಾನಕ್ಕೆ ಒಪ್ಪದವರ ವಾದಗಳೂ ಅವರವರ ಸಹಿಯೊಡನೆ ಹಾಗೆಯೇ ಇದ್ದವು.

ಈ ಕೊನೆಯ ಅಂಶವೇ ಕನ್ನಡ ಅಧ್ಯಾಪಕರ ಗಮನಕ್ಕೆ ಬರಬೇಕಾದುದು. ಸಂಗ್ರಹ, ಸಾರಾಂಶ, ನಿರ್ಣಯಗಳು ಎಲ್ಲ ಸಮುದಾಯಗಳಲ್ಲೂ ಇವೆ. ವಿಕಿಯ ವಿಶೇಷವೆಂದರೆ ಅಂಗೀಕೃತ ಪಾಠದ ಜೊತೆಗೆ ಅದರ ಎಲ್ಲ ಪಾಠಾಂತರಗಳನ್ನೂ ದಿನಾಂಕಸಹಿತ ಉಳಿಸಿಕೊಳ್ಳುವುದು. ಹಸ್ತಪ್ರತಿಗಳ ನಡುವೆ ಯಾವುದು ಮೂಲ, ಯಾವುದು ಪ್ರಕ್ಷೇಪ, ಯಾವ ಲಿಪಿಕಾರ ಎಲ್ಲಿ ಕೈಯಾಡಿಸಿದ ಎಂದು ಊಹಿಸುವುದರಲ್ಲಿ ಆಯುಷ್ಯ ಕಳೆದ ನಮ್ಮ ಗ್ರಂಥಸಂಪಾದಕರಿಗೆ ವಿಕಿಯ 'ಇತಿಹಾಸ' ಎಂಬ ಗುಂಡಿ ದೊರೆತಿದ್ದರೆ ಎಷ್ಟು ವಿವಾದಗಳು ತಪ್ಪುತ್ತಿದ್ದವೋ!

ಶೂನ್ಯಸಂಪಾದನೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಬೇರೆ ಬೇರೆ ಶರಣರ ಬಿಡಿ ವಚನಗಳನ್ನು ಅಲ್ಲಮನನ್ನು ಕೇಂದ್ರದಲ್ಲಿಟ್ಟು ಸಂವಾದವಾಗಿ ಜೋಡಿಸಿದ ಈ ಕೃತಿ 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನಿಂದ ಮೊದಲು ರೂಪುಗೊಂಡು, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರ ಕೈಗಳಲ್ಲಿ ಪರಿಷ್ಕಾರಗೊಂಡಿತು. ಸಿದ್ಧರಾಮನ ದೀಕ್ಷೆಯಂಥ ಪ್ರಸಂಗವನ್ನು ಈ ನಾಲ್ವರೂ ಒಂದೇ ರೀತಿಯಲ್ಲಿ ನಿರ್ವಹಿಸಿಲ್ಲ ಎಂಬುದು ವಿದ್ವಾಂಸರಿಗೆ ಪರಿಚಿತವಾದ ವಿಷಯ. ಒಂದು ಸಮುದಾಯ ತನ್ನೊಳಗಿನ ಭಿನ್ನಾಭಿಪ್ರಾಯವನ್ನು ಪರಿಷ್ಕಾರದ ಮೂಲಕ ನಿಭಾಯಿಸಿದ ಬಗೆ ಇದು. ನಾಲ್ಕೂ ಆವೃತ್ತಿಗಳು ಉಳಿದು ಬಂದಿರುವುದರಿಂದಲೇ ನಮಗೆ ಆ ಭಿನ್ನತೆ ತಿಳಿಯುತ್ತದೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ತರವಲ್ಲ. ಅಲ್ಲಿನ ಸಂಪಾದನೆ ಗಳಿಕೆಯ ಅರ್ಥದ್ದು, ಅದರ ಗುರಿ ಅನುಭಾವ. ವಿಕಿಯ ಪುಟದ ಮೇಲಿರುವ 'ಸಂಪಾದಿಸಿ' ಎಂಬ ಪದಕ್ಕೆ ಅಂಥ ಮಹತ್ವಾಕಾಂಕ್ಷೆಯಿಲ್ಲ.

2003ರ ಜೂನ್‌ನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ತನ್ನ ಸಾಮಾನ್ಯ ಚರ್ಚಾಪುಟಕ್ಕೆ 'ಅರಳಿ ಕಟ್ಟೆ' ಎಂದು ಹೆಸರಿಟ್ಟುಕೊಂಡಿದೆ. ಇಂಗ್ಲಿಷಿನಲ್ಲಿ ಇದು ಹಳ್ಳಿಯ ನೀರಿನ ಪಂಪು. ಅಕ್ಷರಶಃ ಅನುವಾದಕ್ಕೆ ಹೋಗದೆ ಮಾತು ನಡೆಯುವ ನಮ್ಮದೇ ಸ್ಥಳವನ್ನು ಆಯ್ದ ಆ ಸಂಪಾದಕರ ವಿವೇಕ ಮೆಚ್ಚತಕ್ಕದ್ದು. ಪ್ರತಿ ಲೇಖನಕ್ಕೂ ಅದರದೇ ಚರ್ಚೆಪುಟವಿದೆ: ಲೇಖನ ಪಾಠವಾದರೆ ಚರ್ಚೆಪುಟ ಅದರ ಸಂವಾದ. ಈ ಎರಡರ ಸಂಬಂಧ ಕಡಿದಾಗ ಏನಾಗುತ್ತದೆಂಬುದನ್ನೂ ಕನ್ನಡ ವಿಕಿಪೀಡಿಯ ಕಂಡಿದೆ. 2009ರಿಂದ 2011ರ ಅವಧಿಯಲ್ಲಿ ಗೂಗಲ್ ಸಂಸ್ಥೆ ತನ್ನ ಅನುವಾದ ಸಾಧನದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ತಮಿಳು, ತೆಲುಗು, ಬಂಗಾಳಿ, ಕನ್ನಡ ಮೊದಲಾದ ಭಾಷೆಗಳಿಗೆ ತರುವ ಯೋಜನೆಯೊಂದನ್ನು ಕೈಗೊಂಡಿತು. ಸಂಭಾವನೆ ಪಡೆದ ಅನುವಾದಕರಿಂದ ದೀರ್ಘ ಲೇಖನಗಳು ಬಂದವು. ಸಮುದಾಯದಲ್ಲಿ ಅವುಗಳ ವಿಷಯದ ಆಯ್ಕೆ ಕುರಿತು, ವಾಕ್ಯರಚನೆ ಕುರಿತು ಪೂರ್ವಭಾವಿ ಚರ್ಚೆ ನಡೆದಿರಲಿಲ್ಲ. ಬರೆದವರು ಅರಳಿ ಕಟ್ಟೆಗೆ ಬಂದು ಕೂರುವವರೂ ಆಗಿರಲಿಲ್ಲ. ಬಂಗಾಳಿ ಸಮುದಾಯ ಅಂಥ ಲೇಖನಗಳನ್ನು ಒಪ್ಪಿಕೊಳ್ಳಲಿಲ್ಲ. ತಮಿಳರು ಸಂಸ್ಥೆಯೊಡನೆ ಮಾತುಕತೆಗೆ ಕುಳಿತು ಕೆಲವು ನಿಬಂಧನೆಗಳನ್ನು ಒಡ್ಡಿದರು. ಕನ್ನಡದಲ್ಲಿ ಅವನ್ನು ತಿದ್ದುವ ಹೊರೆ ಬೆರಳೆಣಿಕೆಯ ಸ್ವಯಂಸೇವಕರ ಮೇಲೆ ಬಿತ್ತು. ಇಂಗ್ಲಿಷ್ ವಾಕ್ಯದ ಅಸ್ಥಿಪಂಜರಕ್ಕೆ ಕನ್ನಡ ಪದಗಳನ್ನು ಹೊದಿಸಿದಂತಿರುವ ಒಂದು ಲೇಖನವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದು ಸುಲಭ ಎಂಬುದು ಅನುವಾದ ಪತ್ರಿಕೆ ತಿದ್ದಿದ ಯಾವ ಅಧ್ಯಾಪಕರಿಗೂ ತಿಳಿದಿರುತ್ತದೆ. ವಿಕಿ ಎಂಬ ಸಾಧನ ಅಲ್ಲಿ ಇತ್ತು, ಆದರೆ ಚರ್ಚೆ ಪಾಠಕ್ಕಿಂತ ಮೊದಲು ಬರಲಿಲ್ಲ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಪಾಠ ಗಟ್ಟಿಯಾಗಿ ಚರ್ಚೆಯನ್ನೇ ಮುಚ್ಚುವುದು. ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಉತ್ತುಂಗಕ್ಕೇರಿ ಇಳಿಯತೊಡಗಿತು. ಸದುದ್ದೇಶದ ಹೊಸಬರ ತಿದ್ದುಪಡಿಗಳೂ ಅರೆಸ್ವಯಂಚಾಲಿತ ಸಾಧನಗಳಿಂದ ತಿರಸ್ಕೃತವಾಗುತ್ತಿದ್ದುದನ್ನು, ನಿಯಮಗಳು ಹೊಸಬರ ಬದಲಾವಣೆಗೆ ಬಗ್ಗದಷ್ಟು ಬಿಗಿಯಾಗಿದ್ದುದನ್ನು 2013ರಲ್ಲಿ ಪ್ರಕಟವಾದ ಆರನ್ ಹಾಫೇಕರ್ ಮತ್ತಿತರರ ಅಧ್ಯಯನ ಇದಕ್ಕೆ ಕಾರಣಗಳಾಗಿ ಗುರುತಿಸಿತು. ಕ್ರೊಯೇಷಿಯನ್ ವಿಕಿಪೀಡಿಯದ ಕಥೆ ಇನ್ನೂ ಗಂಭೀರವಾದುದು. ಅಲ್ಲಿ ಸುಮಾರು ಒಂದು ದಶಕ ಕಾಲ ಒಂದೇ ಒಲವಿನ ನಿರ್ವಾಹಕರ ಗುಂಪು ಹಿಡಿತ ಸಾಧಿಸಿ, ಎರಡನೆಯ ಮಹಾಯುದ್ಧ ಕಾಲದ ಉಸ್ತಾಶಾ ಆಡಳಿತದ ಕ್ರೌರ್ಯವನ್ನು ತೆಳುಗೊಳಿಸುವ ರೀತಿಯಲ್ಲಿ ಇತಿಹಾಸವನ್ನು ತಿರುಚಿತು. ಆಕ್ಷೇಪಿಸಿದವರ ಖಾತೆಗಳನ್ನು ತಡೆಹಿಡಿಯಿತು. ವಿಕಿಮೀಡಿಯ ಪ್ರತಿಷ್ಠಾನ ಈ ಕುರಿತ ವರದಿಯನ್ನು 2021ರಲ್ಲಿ ಪ್ರಕಟಿಸಿತು. ಅಲ್ಲಿಯೂ ಚರ್ಚೆಪುಟಗಳಿದ್ದವು, ಇತಿಹಾಸದ ಗುಂಡಿಯೂ ಇತ್ತು. ಪಾಠಾಂತರಗಳು ಉಳಿದರೂ ಅವನ್ನು ಎತ್ತಿ ಹಿಡಿಯುವ ಜನರನ್ನು ಹೊರಗಿಟ್ಟರೆ ಪಾಠ ಒಬ್ಬರ ಸೊತ್ತಾಗುತ್ತದೆ. ಕಡಿಮೆ ಸಂಪಾದಕರಿರುವ ಯಾವ ಭಾಷೆಗೂ ಇದು ದೂರದ ಸಂಗತಿಯಲ್ಲ, ಕನ್ನಡಕ್ಕೂ ಅಲ್ಲ.

ಹಾಗಾಗಿ ನಮ್ಮ ವಿಭಾಗಗಳು ತಮ್ಮ ಗುಂಪುಗಳಿಗೆ ಒಂದು ವಿಕಿಯನ್ನು ಜೋಡಿಸಿಕೊಳ್ಳುವುದಾದರೆ ತಂತ್ರಾಂಶದ ಆಯ್ಕೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಸಾರಾಂಶವನ್ನು ಯಾರು ಬರೆಯುತ್ತಾರೆ? ಮಾರ್ಗದರ್ಶಕರು ಬರೆದುದನ್ನು ಅವರ ವಿದ್ಯಾರ್ಥಿ ತಿದ್ದಬಹುದೇ? ತಿದ್ದಿದರೆ ಅದನ್ನು ಅವಿನಯವೆಂದು ಬಗೆಯಲಾಗುವುದೇ? ಅರ್ಕಾವತ್ತಿನ ಪ್ರಶ್ನೆಯಲ್ಲಿ ಈ ತೊಡಕಿಲ್ಲ. ಉತ್ತರ ಸರಿಯಾದರೆ ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ, ಆದ್ದರಿಂದ ಆರಂಭಕ್ಕೆ ಅದೇ ತಕ್ಕದ್ದು. ಒಂದು ವಚನದ ಪಾಠನಿರ್ಣಯದಂಥ ವಿಷಯಕ್ಕೆ ಬಂದಾಗ, ವಿದ್ಯಾರ್ಥಿಯೊಬ್ಬ ಇಟ್ಟ ಪಾಠಾಂತರವನ್ನು ಅಳಿಸದೆ ಅದರ ಪಕ್ಕದಲ್ಲಿ ತಮ್ಮ ಆಕ್ಷೇಪವನ್ನು ಸಹಿಯೊಡನೆ ಬರೆಯುವ ಪ್ರಾಧ್ಯಾಪಕರು ಎಷ್ಟು ಮಂದಿ ದೊರೆಯುತ್ತಾರೆಂಬುದನ್ನು ಆ ಪುಟದ ಇತಿಹಾಸವೇ ತೋರಿಸಬೇಕು.